ಬಿಳಿ ಬಟ್ಟೆಯ ದಿನ

ದೋಣಿ ತಂಗುವ ಜೆಟ್ಟಿಯ ತುದಿಯ ತಗಡಿನ ಅಂಗಡಿಯಲ್ಲಿ, ಗಾಳಕ್ಕೆ ಸಿಕ್ಕಿಸುವ ಜೀವಂತ ಸೀಗಡಿ ಮಾರುತ್ತಿದ್ದ ಹೆಂಗಸನ್ನು ಎಲ್ಲರೂ ಸೀಗಡಿಯಕ್ಕ ಎಂದೇ ಕರೆಯುತ್ತಿದ್ದರು. ನಾಲಿಗೆಗೆ ಎಲುಬಿಲ್ಲ ಎಂಬ ಮಾತು ಹುಟ್ಟಿದ್ದೇ ಅವಳಿಗಾಗಿ ಇರಬೇಕು. ಪಕ್ಕದಲ್ಲಿ ಗಾಳದ ರೀಲು ರಿಪೇರಿ ಮಾಡುವ ನನ್ನನ್ನೂ ಅವಳು ಬಿಟ್ಟವಳಲ್ಲ. "ರಿಪೇರಿಯಣ್ಣ, ನೀನು ಸರಿ ಮಾಡಿದ ರೀಲು ಅಂದ್ರೆ ಮೀನುಗಳಿಗೆ ಬಲು ಇಷ್ಟವಂತೆ. ಒಂದೂ ಸಾಯಲ್ವಂತೆ!" ಎಂದು ಗಿರಾಕಿಗಳ ಎದುರೇ ಹೇಳಿ ನಗುತ್ತಿದ್ದಳು.

ಬೇಸಿಗೆ ಬಂತೆಂದರೆ ದಂಡೆಯ ಲಾಡ್ಜುಗಳ ತುಂಬ ಹವ್ಯಾಸಕ್ಕೆ ಮೀನು ಹಿಡಿಯುವವರು. ಅಗಲ ಟೋಪಿ, ಉದ್ದ ಕೋಲು, ಮೂಗಿಗೆ ಬಿಳಿ ಮುಲಾಮು. ಸೀಗಡಿಯಕ್ಕ ಅವರನ್ನು ಟೋಪಿಗಳು ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಮೇಲಿನ ನೀರು ಕಾದು ಮೀನೆಲ್ಲ ಆಳಕ್ಕಿಳಿಯುತ್ತದೆ. ನಸುಕು ಮತ್ತು ಮುಸ್ಸಂಜೆ ಬಿಟ್ಟರೆ ಗಾಳವನ್ನು ಮೂಸಿಯೂ ನೋಡುವುದಿಲ್ಲ. ಆದರೆ ಬಿರುಗಾಳಿ ಬರುವ ಮುಂಚಿನ ಕೆಲವು ಗಂಟೆ ಅವೇ ಮೀನುಗಳು ಬರಗೆಟ್ಟವರ ಹಾಗೆ ಮುಗಿಬೀಳುತ್ತವೆ. ನಮ್ಮ ಕಡಲಿಗೆ ಬಿರುಗಾಳಿಯ ಬರವಂತೂ ಇಲ್ಲ.

ಗಂಡನನ್ನು ಅಂಥದೇ ಗಾಳಿ ನುಂಗಿದ ಮೇಲೆ ಅವಳು ಅಂಗಡಿಯ ಕಂಬಕ್ಕೆ ದಿನವೂ ಬೆಳಿಗ್ಗೆ ಬಟ್ಟೆ ಏರಿಸತೊಡಗಿದ್ದಳು. ಬಿಳಿ ಎಂದರೆ ಸಮುದ್ರ ಶಾಂತವಾಗಿದೆ. ಕೆಂಪು ಎಂದರೆ ಗಾಳಿ ಬರುತ್ತಿದೆ, ಯಾರೂ ಹೋಗಬೇಡಿ. ರೇಡಿಯೋ ಎಷ್ಟೋ ಸಲ ತಪ್ಪಿದ್ದುಂಟು, ಅವಳ ಬಟ್ಟೆ ತಪ್ಪಿದ್ದಿಲ್ಲ. ಟೋಪಿಗಳು ಇದನ್ನು ತಮಗೆ ಬೇಕಾದಂತೆ ಓದಿಕೊಂಡರು. ಬಿಳಿ ಎಂದರೆ ಮೀನಿಲ್ಲ, ಹೊದ್ದು ಮಲಗು. ಕೆಂಪು ಎಂದರೆ ಮೀನು ಕಚ್ಚುತ್ತಿದೆ, ಓಡು! ಬೇಡ ಎಂದು ಏರಿಸಿದ ಬಟ್ಟೆಯೇ ಅವರಿಗೆ ಕರೆಯೋಲೆಯಾಯಿತು.

ಅವರನ್ನು ದೋಣಿಯಲ್ಲಿ ಕಡಲಿಗೆ ಕರೆದೊಯ್ಯುತ್ತಿದ್ದವನು ಅವಳ ಒಬ್ಬನೇ ಮಗ. ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. "ನಿಮ್ಮಪ್ಪನ ಮೂಳೆ ಕೂಡ ಸಿಗಲಿಲ್ಲ ಕಣೋ" ಎಂದು ಅವಳು ಕೂಗಾಡಿದರೆ, "ಗಾಳಿ ಬರೋದ್ರೊಳಗೆ ಬಂದ್ಬಿಡ್ತೀನಿ ಬಿಡಮ್ಮ" ಎಂದು ನಕ್ಕು ಎಂಜಿನ್ ಚಾಲೂ ಮಾಡುತ್ತಿದ್ದ. ಅವನು ಮರಳುವವರೆಗೆ ಅವಳು ಸಿಕ್ಕಸಿಕ್ಕವರನ್ನೆಲ್ಲ ಬೈಯುತ್ತಿದ್ದಳು. ನಾನೇ ಹತ್ತಿರದವನು, ಪಾಲು ನನಗೇ ಹೆಚ್ಚು.

ಆ ಬೇಸಿಗೆಯ ಒಂದು ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತ್ತು. ತೆರೆಗಳು ಮಾತ್ರ ದೂರದಿಂದ ಉದ್ದುದ್ದವಾಗಿ, ಸೋಮಾರಿಗಳಂತೆ ಬರುತ್ತಿದ್ದವು. ತೊಟ್ಟಿಯ ನೀರು ಬೆಚ್ಚಗಾಗಿ ಸೀಗಡಿಗಳು ಹೊರಕ್ಕೆ ಎಗರುತ್ತಿದ್ದವು. ಸಂಜೆಗೆ ಬಿರುಗಾಳಿ ಎಂದು ರೇಡಿಯೋ ಹಿಂದಿನ ದಿನವೇ ಹೇಳಿತ್ತು. ಸೀಗಡಿಯಕ್ಕ ಕಂಬಕ್ಕೆ ಬಿಳಿ ಬಟ್ಟೆ ಏರಿಸಿದಳು.

"ಕಣ್ಣು ಕಾಣಲ್ವಾ ನಿನಗೆ?" ಎಂದೆ.

"ಎಲ್ಲಾ ಕಾಣುತ್ತೆ. ಆ ಟೋಪಿಗಳು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ಬಿಳಿ ನೋಡಿ ಮಲಗಿರ್ಲಿ."

"ಮಗನಿಗೆ ಹೇಳಿದ್ಯಾ?"

"ಅವನಿಗಾ? ಅವನ ಹೊಟ್ಟೇಲಿ ಮಾತು ನಿಲ್ಲಲ್ಲ. ಫೋನ್ ಮಾಡಿ ಅವರನ್ನ ಎಬ್ಬಿಸ್ತಾನೆ. ಗಿರಾಕಿ ಇಲ್ದಿದ್ರೆ ಅವನೆಲ್ಲಿಗೆ ಹೋಗ್ತಾನೆ?"

ಉಪಾಯ ಫಲಿಸಿತು. ಲಾಡ್ಜಿನ ಕಿಟಕಿಗಳಿಂದ ಕಂಬ ಚೆನ್ನಾಗಿ ಕಾಣುತ್ತಿತ್ತು, ಒಬ್ಬ ಟೋಪಿಯೂ ಇತ್ತ ಸುಳಿಯಲಿಲ್ಲ. ಅವಳು ಹಾಡು ಗುನುಗುತ್ತ ತೊಟ್ಟಿ ತೊಳೆದಳು. ಬಿಸಿಲೇರಿದ ಮೇಲೆ ತಿಂಡಿಗೆಂದು ಮನೆಗೆ ಹೋದಳು. ಮನೆಗೆ ಬೀಗ ಬಿದ್ದಿತ್ತು. ಹಿಂದಿನ ಹಳ್ಳದಲ್ಲಿ ದೋಣಿ ಕಟ್ಟುವ ಗೂಟ ಖಾಲಿಯಾಗಿತ್ತು.

ನಮಗೆ ಆಮೇಲೆ ತಿಳಿದದ್ದು ಇಷ್ಟು. ಮದುವೆಯಾಗಿ ಬಂದಾಗಿನಿಂದ ಸೊಸೆಗೆ ಗಂಡನ ದೋಣಿಯಲ್ಲಿ ಒಮ್ಮೆ ಸಮುದ್ರಕ್ಕೆ ಹೋಗುವ ಆಸೆ. ದೋಣಿಯಲ್ಲಿ ಯಾವಾಗಲೂ ಗಿರಾಕಿಗಳು. "ಅಮ್ಮ ಬಿಳಿ ಹಾಕಿದ ದಿನ ಖಂಡಿತ ಕರ್ಕೊಂಡು ಹೋಗ್ತೀನಿ" ಎಂದು ಅವನು ಮಾತು ಕೊಟ್ಟಿದ್ದ. ಆ ಬೆಳಿಗ್ಗೆ ಕಿಟಕಿ ತೆರೆದವಳು ಬಿಳಿ ಬಟ್ಟೆ ಕಂಡು ಚಪ್ಪಾಳೆ ತಟ್ಟಿದಳಂತೆ. ರೇಡಿಯೋ ಹೇಳಿದ್ದು ಅವನಿಗೂ ನೆನಪಿತ್ತು. ಆದರೆ ಅಮ್ಮನೇ ಬಿಳಿ ಹಾಕಿದ್ದಾಳೆಂದರೆ ಗಾಳಿ ಬೇರೆ ದಾರಿ ಹಿಡಿದಿದೆ ಎಂದುಕೊಂಡ.

ಸೀಗಡಿಯಕ್ಕ ಎದೆ ಬಡಿದುಕೊಳ್ಳುತ್ತ ಓಡಿ ಬಂದು ಬಿಳಿಯನ್ನು ಕಿತ್ತೆಸೆದು ಕೆಂಪು ಏರಿಸಿದಳು. ಆ ಹೊತ್ತಿಗೆ ಬಾನಂಚು ಕಪ್ಪಾಗಿತ್ತು. ಗಾಳಿ ಸಂಜೆಯವರೆಗೆ ಕಾಯಲಿಲ್ಲ. ಮಗ ದೂರದಿಂದ ಕೆಂಪನ್ನು ಕಂಡ, ದೋಣಿ ತಿರುಗಿಸಿದ. ಹಳ್ಳ ಕಡಲು ಸೇರುವ ಅಳಿವೆಯ ಮರಳ ದಿಬ್ಬದ ಮೇಲೆ ತೆರೆಗಳು ಆಗಲೇ ಮನೆಯೆತ್ತರ ಮುರಿಯುತ್ತಿದ್ದವು. ನಾವೆಲ್ಲ ಜೆಟ್ಟಿಯ ಮೇಲೆ ನಿಂತು ನೋಡುತ್ತಿದ್ದಂತೆಯೇ ದೋಣಿ ಮಗುಚಿತು. ಅವನು ಈಜಿ ಬಂದ. ಹೆಂಡತಿಗೆ ಈಜು ಬರುತ್ತಿರಲಿಲ್ಲ.

ಮರುದಿನ ಗಾಳಿ ತಗ್ಗಿ, ಹೆಣ ಇನ್ನೂ ಸಿಗದೆ ಹುಡುಕುತ್ತಿದ್ದಾಗ ಒಬ್ಬ ಟೋಪಿ ಅಂಗಡಿಗೆ ಬಂದ. "ಏನಕ್ಕ ನೀವು? ನಿನ್ನೆ ಬಿಳಿ ಹಾಕಿ ನಮಗೇ ಟೋಪಿ ಹಾಕಿಬಿಟ್ರಲ್ಲ. ಎಂಥಾ ಮೀನು ಕಚ್ತಿತ್ತೋ ಏನೋ!" ಎಂದ. ಅವನ ಕೋಲು ಕಸಿದು ಮುರಿದುಹಾಕೋಣ ಅನ್ನಿಸಿತು ನನಗೆ. ಜೀವಮಾನದಲ್ಲಿ ಮೊದಲ ಸಲ ಸೀಗಡಿಯಕ್ಕನಿಗೆ ಬೈಗುಳ ಸಿಗಲಿಲ್ಲ. ಊರಿನವರಿಗೆ ಮಾತ್ರ ಮಾತು ಸಿಕ್ಕಿತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅವಳು ತಿರುಗಿ ಬೈಯಲಿ ಎಂದು ನಾನು ಕಾದೆ. ಅವಳು ತೊಟ್ಟಿಯ ನೀರು ಬದಲಿಸತೊಡಗಿದಳು.

ಮಗ ವರ್ಷವಿಡೀ ಅವಳೊಡನೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಉಂಡು ಏಳುತ್ತಿದ್ದ, ಅಷ್ಟೇ. ಮತ್ತೆ ಬೇಸಿಗೆ ಬಂತು, ಟೋಪಿಗಳು ಬಂದರು. ಅವನು ಇನ್ನೊಂದು ದೋಣಿ ಹಿಡಿದ. ಬಿಳಿ ಬಟ್ಟೆಯ ದಿನಗಳಲ್ಲಿ ಯಾರು ಕರೆದರೂ ದೋಣಿಯ ಹಗ್ಗ ಬಿಚ್ಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಕೆಂಪು ಏರಿಸಿದಳು. ಟೋಪಿಗಳು ಓಡೋಡಿ ಬಂದರು. ಅವರ ಹಿಂದೆಯೇ ಮಗ, ಹೆಗಲ ಮೇಲೆ ಪೆಟ್ರೋಲ್ ಡಬ್ಬ. ಅವಳು ಅಂಗಡಿಯಿಂದಿಳಿದು ಅವನ ತೋಳು ಹಿಡಿದಳು.

"ಬೇಡ ಕಣೋ ಮಗನೇ, ನಿನ್ನ ಕಾಲಿಗೆ ಬೀಳ್ತೀನಿ. ಕೆಂಪು ಹಾಕಿದೀನಿ, ನೋಡು."

ಅವನು ಕಂಬದ ಕಡೆ ನೋಡಿದ.

"ನೋಡಿದೆ. ಇನ್ಮೇಲೆ ಕೆಂಪು ಹಾಕಿದ ದಿನ ಮಾತ್ರ ಹೋಗ್ತೀನಿ. ಅದರಲ್ಲಿ ನೀನು ಯಾವತ್ತೂ ಸುಳ್ಳು ಹೇಳಿಲ್ಲ" ಎಂದ.

ತೋಳು ಬಿಡಿಸಿಕೊಂಡು ಹೊರಟ. ಸೀಗಡಿ ಬೇಕೆಂದು ಟೋಪಿಗಳು ಡಬ್ಬಿ ಚಾಚಿ ಅವಸರ ಮಾಡುತ್ತಿದ್ದರು. ಅವಳು ತೊಟ್ಟಿಗೆ ಕೈ ಹಾಕಿ ಒಬ್ಬೊಬ್ಬರ ಡಬ್ಬಿಗೂ ತುಂಬಿಕೊಟ್ಟಳು.