ಕುರಿಮರಿ ಕುಡಿದ ಹಾಲು

ನಮ್ಮ ಮಾವನಂಥ ಕುರಿಗಾರ ಚಳ್ಳಕೆರೆ ಸುತ್ತಿನಲ್ಲಿ ಇನ್ನೊಬ್ಬನಿಲ್ಲ ಎಂದು ಹಟ್ಟಿಯವರು ಈಗಲೂ ಹೇಳುತ್ತಾರೆ. ನಾನೂ ಅಲ್ಲ ಎನ್ನುವುದಿಲ್ಲ. ಅವರ ಕುರಿ ಕೂಡುವ ರೊಪ್ಪದಲ್ಲಿ ಮರಿ ಸತ್ತದ್ದು ಅಪರೂಪ. ಅವರ ಮನೆಯಲ್ಲಿ ಹುಟ್ಟಿದ ನನ್ನ ಮಗ ಸತ್ತ. ಮನೆಯಲ್ಲಿ ಎಂದೆನಲ್ಲ, ಅದೂ ಸುಳ್ಳು. ಮನೆಯಲ್ಲಿ ಹುಟ್ಟಲು ಬಿಟ್ಟರೆ ತಾನೆ?

ತೊಂಬತ್ತರ ದಶಕದ ಕೊನೆಯ ಮಾತು. ಮೊಳಕಾಲ್ಮುರು ಕಡೆಯ ನನ್ನ ತವರಿನಿಂದ ಅಣ್ಣ ಕರೆಯಲು ಬರುವ ಮೊದಲೇ ನೋವು ಕಾಣಿಸಿಕೊಂಡಿತು. ಹೆರಿಗೆಯ ಸೂತಕ ಹಟ್ಟಿಯ ದೇವರಿಗೆ ಆಗದು ಎಂದು ಬಾಣಂತಿಯನ್ನು ಬೇಲಿಯಾಚೆಯ ಗುಡಿಸಲಿನಲ್ಲಿ ಇಡುವುದು ನಮ್ಮವರ ಪದ್ಧತಿ. ತೆಂಗಿನ ಗರಿಯ ಗುಡಿಸಲು, ಎಲ್ಲ ಕಡೆಯಿಂದಲೂ ಚಳಿಗಾಳಿ. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿ, ತಲೆಗೆ ನೀರು ಹಾಕಿಕೊಂಡು ಮನೆಗೆ ಹೋದಳು. ಆಮೇಲೆ ನನ್ನನ್ನಾಗಲಿ ಮಗುವನ್ನಾಗಲಿ ಯಾರೂ ಮುಟ್ಟಲಿಲ್ಲ.

ಎದೆಯಲ್ಲಿ ಹಾಲು ಬಂದಾಗ ಅತ್ತೆ ದೂರದಲ್ಲೇ ನಿಂತು ಕೂಗಿ ಹೇಳಿದರು.

"ಹಳದಿ ಹಾಲು ಕುಡಿಸ್ಬ್ಯಾಡ ಕಣೇ. ಸೂತಕದ ಕೆಟ್ಟ ಹಾಲದು. ಹಿಂಡಿ ಮಣ್ಣಿಗೆ ಚೆಲ್ಲು. ಬಿಳೀದು ಬಂದ್ಮ್ಯಾಲೆ ಕುಡಿಸೀಯಂತೆ."

ಹಿಂಡಿ ಚೆಲ್ಲಿದೆ. ಅಲ್ಲಿಯವರೆಗೆ ಮಗುವಿಗೆ ಸಕ್ಕರೆ ನೀರು. ಬಟ್ಟೆಯ ಬತ್ತಿ ಅದ್ದಿ ಬಾಯಿಗಿಡಬೇಕು. ಕುರಿಗಳು ಇಳಿದು ಕುಡಿಯುವ ಕಟ್ಟೆಯಿಂದಲೇ ಅತ್ತೆ ಆ ನೀರನ್ನು ತಂದು, ತಂಬಿಗೆಯನ್ನು ಬಾಗಿಲಿನಿಂದ ದೂರವಿಟ್ಟು ಹಿಂದೆ ಸರಿಯುತ್ತಿದ್ದರು. ಮಗುವನ್ನು ನೋಡಲೆಂದು ಅಲ್ಲೇ ನಿಲ್ಲುತ್ತಿದ್ದರು, ಮಗುವಿನ ಮೂಗು ತಮ್ಮ ಮಗನದೇ ಎಂದು ನಗುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಬೈದು ಮರೆಯುವುದಾದರೂ ಸುಲಭವಾಗುತ್ತಿತ್ತು.

ಗುಡಿಸಲ ಬಾಗಿಲಿನಿಂದ ರೊಪ್ಪ ಕಾಣುತ್ತಿತ್ತು. ಅದೇ ಸಮಯಕ್ಕೆ ಒಂದು ಕುರಿ ಈಯಿತು. ಚೊಚ್ಚಲ ಕುರಿ, ಮರಿಯನ್ನು ಹತ್ತಿರ ಸೇರಿಸದೆ ಒದೆಯುತ್ತಿತ್ತು. ಮಾವ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಂದರು. ಕುರಿಯನ್ನು ತೊಡೆಗಳ ನಡುವೆ ಅಮುಕಿ ಹಿಡಿದು, ಮರಿಯ ಬಾಯಿ ಬಿಡಿಸಿ, ಕೆಚ್ಚಲು ಹಿಂಡಿದರು. ದಪ್ಪನೆಯ ಹಳದಿ ಗಿಣ್ಣುಹಾಲು.

"ಲೇ, ಒಂದು ತೊಟ್ಟೂ ನೆಲಕ್ಕೆ ಬೀಳಬಾರ್ದು," ಎಂದು ನನ್ನ ಗಂಡನಿಗೆ ಗದರಿದರು. "ಹೊಟ್ಟೆಗೆ ಗಿಣ್ಣು ಬೀಳದ ಮರಿಗೆ ಎಂಥ ಕಾಯಿಲೆನೂ ತಡ್ಯೋ ಶಕ್ತಿ ಇರಲ್ಲ."

ನನಗೆ ಆಗ ಏನೂ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುವವರು ಯಾರಿದ್ದರು?

ಬಿಳಿ ಹಾಲು ಬರುವ ಹೊತ್ತಿಗೆ ಮಗುವಿಗೆ ಭೇದಿ ಹತ್ತಿತು. ಮೈ ಕಾದು ಹೆಂಚಾಯಿತು. ಚಳ್ಳಕೆರೆ ಆಸ್ಪತ್ರೆಗೆ ಹೋಗೋಣ ಎಂದು ನಾನು ಅತ್ತು ಬೇಡಿದೆ. ಸೂತಕ ಕಳೆಯಲಿ ಎಂದರು ಮನೆಯವರು. ಸೂತಕ ಕಳೆಯುವ ಮೊದಲೇ ಮಗು ಕಳೆದುಹೋಯಿತು. ನಾನು ಮಂಕಾಗಿ ಕುಳಿತಿರುವುದನ್ನು ನೋಡಲಾರದೆ, ಸಾಕಿಕೊಳ್ಳಲಿ ಎಂದು ಮಾವ ಆ ಕುರಿಮರಿಯನ್ನು ನನ್ನ ಹೆಸರಿಗೆ ಬಿಟ್ಟರು. ಪ್ರೀತಿಯಿಂದಲೇ ಕೊಟ್ಟರು. ಅದು ಗುಂಡುಗುಂಡಾಗಿ ಬೆಳೆಯಿತು.

ಎರಡನೆಯ ಹೆರಿಗೆಗೆ ನಾನು ಹಟ ಹಿಡಿದು ಮುಂಚೆಯೇ ತವರಿಗೆ ಹೋದೆ. ಮೊಳಕಾಲ್ಮುರು ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಮೊದಲ ಸಲದಂತೆ ಹಳದಿ ಹಾಲು ಹಿಂಡಿ ಚೆಲ್ಲಲು ಹೋದಾಗ ಆಂಧ್ರ ಕಡೆಯ ನರ್ಸಮ್ಮ ಕೈ ಹಿಡಿದರು.

"ಏಮ್ಮಾ, ನಿಮ್ಮನೇಲಿ ಕುರಿ ಅದಾವಲ್ಲ? ಮರಿಗೆ ಗಿಣ್ಣು ಕುಡಿಸ್ತೀರಲ್ಲ? ಇದೂ ಅದೇ. ನಿನ್ ಮೈ ಇಷ್ಟು ವರ್ಷ ಯಾವ್ಯಾವ ರೋಗದ ಜೊತೆ ಹೊಡೆದಾಡೈತೋ, ಆ ಬಲ ಎಲ್ಲಾ ಈ ಹಾಲಲ್ಲಿ ಐತೆ. ಮಗೂಗೆ ತನ್ನ ಬಲ ಬರೋತಂಕ ಇದೇ ಕಾವಲು."

ಮಗಳು ಚಪ್ಪರಿಸಿ ಕುಡಿದಳು. ನಾನು ಗೋಳೋ ಎಂದು ಅತ್ತೆ. ಹೆಣ್ಣಾಯಿತೆಂದು ಅಳುತ್ತಿದ್ದಾಳೆ ಎಂದುಕೊಂಡು ಪಕ್ಕದ ಮಂಚದವಳು ಸಮಾಧಾನ ಹೇಳಿದಳು.

ಆ ಹಾಲು ಕುಡಿದಿದ್ದರೆ ಮಗ ಉಳಿಯುತ್ತಿದ್ದನೇ? ಗೊತ್ತಿಲ್ಲ. ಕಟ್ಟೆಯ ನೀರಿತ್ತು, ಚಳಿಯಿತ್ತು, ಮುಟ್ಟದ ಕೈಗಳಿದ್ದವು. ಇಷ್ಟರ ನಡುವೆ ಅವನಿಗೆಂದು ನನ್ನ ಮೈ ಕಟ್ಟಿಕೊಟ್ಟಿದ್ದ ಒಂದೇ ಬುತ್ತಿಯನ್ನು ನನ್ನ ಕೈಯಿಂದಲೇ ಮಣ್ಣಿಗೆ ಹಾಕಿಸಿದರು.

ಮಗಳನ್ನೆತ್ತಿಕೊಂಡು ಹಟ್ಟಿಗೆ ಮರಳಿದಾಗ ಮಾವ ರೊಪ್ಪದ ಮುಂದೆ ಕುಳಿತಿದ್ದರು. ನನ್ನ ಹೆಸರಿನ ಆ ಕುರಿ ಈದಿತ್ತು. ಅದರ ಮರಿಗೆ ಗಿಣ್ಣು ಕುಡಿಸುತ್ತಿದ್ದರು. ನಾನು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟೆ.

"ಮಾವ, ಕುರಿಮರಿಗೆ ಬೇಕಾದ ಹಾಲು ನನ್ನ ಮಗನಿಗೆ ಯಾಕೆ ಬ್ಯಾಡಾಯ್ತು?"

ಅವರಿಗೆ ಸಿಟ್ಟು ಬರಲಿಲ್ಲ. ಏನೂ ತಿಳಿಯದ ಕೂಸಿಗೆ ತಿಳಿಸಿ ಹೇಳುವವರಂತೆ ನನ್ನ ಮುಖ ನೋಡಿದರು.

"ಕುರಿಗೆ ಎಲ್ಲೈತವ್ವಾ ಸೂತಕ?" ಎಂದರು.