ಹರಕೆಯ ಹುಂಜಕ್ಕೆ ಬಾಯಮ್ಮ ಹಾಕಿದ ಹೊಲಿಗೆ

ಬಿಸಿ ತೆಂಗಿನೆಣ್ಣೆಗೆ ಅರಸಿನ ಬಿದ್ದಾಗ ಏಳುವ ಘಾಟು ನನ್ನನ್ನು ಈಗಲೂ ಆಚೆಮನೆಯ ಜಗಲಿಗೆ ಎಳೆದೊಯ್ಯುತ್ತದೆ. ಮೊನ್ನೆ ಬಿ.ಸಿ.ರೋಡಿನ ನನ್ನ ಊರಕೋಳಿ ಅಂಗಡಿಗೆ ಒಬ್ಬರು ಬೆಕ್ಕು ಹರಿದ ಹೇಂಟೆಯನ್ನು ಚೀಲದಲ್ಲಿ ತಂದರು. "ಏನಾದರೂ ಮಾಡಿ, ಇಲ್ಲದಿದ್ದರೆ ಸಿಕ್ಕಿದ ಬೆಲೆಗೆ ಇಟ್ಟುಕೊಳ್ಳಿ" ಎಂದರು. ಕೊಳ್ಳುವವಳಿಗೆ ಅದು ಲಾಭದ ಮಾತೇ. ಆದರೂ ಎಣ್ಣೆ ಬಿಸಿಗಿಟ್ಟೆ. ಘಾಟು ಎದ್ದಿತು...

ಆಚೆಮನೆಯಲ್ಲಿದ್ದವರು ಕ್ರೈಸ್ತರ ಮನೆಯ ಹಿರಿಯ ಹೆಂಗಸು, ಊರಿಗೆಲ್ಲ ಬಾಯಮ್ಮ. ಆಗ ನನಗೆ ಅಂಗಡಿ ಎಲ್ಲಿತ್ತು! ವಾಮದಪದವಿನ ಸುತ್ತ ಮನೆಮನೆಗೆ ನಡೆದು, ಚೌಕಾಸಿ ಮಾಡಿ ಕೋಳಿ ಕೊಂಡು ಮಾರುತ್ತಿದ್ದೆ. ಆ ವ್ಯಾಪಾರಕ್ಕೆ ಬಂಡವಾಳ ಬಾಯಿ ಮತ್ತು ಹೆಸರು. ಹೆಸರು ಹೋದರೆ ಒಬ್ಬರೂ ಅಂಗಳಕ್ಕೆ ಸೇರಿಸುವುದಿಲ್ಲ.

ಒಂದು ಶನಿವಾರ ಒಂದು ಮನೆಯಲ್ಲಿ ಕೆಂಪು ಹುಂಜ ಕಣ್ಣಿಗೆ ಬಿತ್ತು. ಆ ಮನೆಯ ಅತ್ತೆ ಮೂಡಬಿದಿರೆಯ ಮಗಳ ಮನೆಗೆ ಹೋಗಿದ್ದರು. ಮುಂಬೈಯಿಂದ ಹೊಸತಾಗಿ ಬಂದಿದ್ದ ಸೊಸೆ ನಗುತ್ತಲೇ ಕೊಟ್ಟಳು. ಮನೆಗೆ ತಂದು ಅಂಗಳದಲ್ಲಿ ಕಟ್ಟಿದೆ. ಬೆಳಗಾಗುವಾಗ ಬೀದಿನಾಯಿ ಅದರ ಬೆನ್ನು ಹರಿದು ಹಾಕಿತ್ತು, ಚರ್ಮ ಜೋತಾಡುತ್ತಿತ್ತು. ಇನ್ನು ಸಾರಿಗೇ ಸರಿ ಎಂದುಕೊಂಡು, ಪುಕ್ಕ ಕೀಳಲು ನೀರು ಕುದಿಯಲಿಟ್ಟೆ.

ನೀರು ಕುದಿಯುತ್ತಿರುವಾಗಲೇ ಗೇಟಿನಲ್ಲಿ ಆ ಮನೆಯ ಅತ್ತೆ. ಏದುಸಿರು.

"ಹುಂಜ ಉಂಟಾ ಮಗಾ? ಕೊಯ್ದಿಲ್ಲ ಅಲ್ವಾ? ಮಗಳ ಮಗ ಜ್ವರದಲ್ಲಿ ಮಲಗಿದ್ದಾಗ ದೈವಕ್ಕೆ ಹೇಳಿಕೊಂಡು ಬಿಟ್ಟದ್ದು ಅದು. ಸೊಸೆಗೆ ಅದು ಗೊತ್ತಿಲ್ಲ."

"ಅದಕ್ಕಿಂತ ದೊಡ್ಡದೊಂದು ಕೊಡ್ತೇನೆ ದೊಡ್ಡಮ್ಮ."

"ಬೇಡ. ತೋರಿಸಿ ಬಿಟ್ಟದ್ದು ಅದನ್ನೇ. ತಂಬಿಲ ಹತ್ತಿರ ಬಂತು. ಅದು ಸತ್ತರೆ ನಾನು ಆ ಮಗುವಿನ ಮುಖ ಹೇಗೆ ನೋಡಲಿ?"

ವರ್ಷಕ್ಕೊಮ್ಮೆ ದೈವಕ್ಕೆ ಕೋಳಿ ಕೊಟ್ಟು ಮಾಡುವ ತಂಬಿಲದ ಸೇವೆಗೆ ಹೇಳಿಕೊಂಡದ್ದೆಂದರೆ ಅದಕ್ಕೆ ಬದಲಿ ಇಲ್ಲ. ಹುಂಜದ ಹರಿದ ಬೆನ್ನು ತೋರಿಸಿದೆ. ಆದಿತ್ಯವಾರ, ಜಾನುವಾರು ಆಸ್ಪತ್ರೆಗೂ ಬೀಗ. ಹುಂಜವನ್ನು ಎತ್ತಿಕೊಂಡು ಆಚೆಮನೆಗೆ ಓಡಿದೆ. ಬಾಯಮ್ಮ ಒಳ್ಳೆಯ ಸೀರೆ ಉಟ್ಟು ಪೂಜೆಗೆಂದು ಇಗರ್ಜಿಗೆ ಹೊರಟು ನಿಂತಿದ್ದರು.

ಹರಿದ ಚರ್ಮವನ್ನು ಬೆರಳಿನಿಂದ ಎತ್ತಿ ನೋಡಿದರು. "ಮಸಾಲೆ ಅರೆಯುವ ಮೊದಲು ಸರಿಯಾಗಿ ನೋಡಿದ್ದೀಯಾ ಮಾರಾಯ್ತಿ? ಹರಿದದ್ದು ಚರ್ಮ ಮಾತ್ರ. ಒಳಗಿನ ಪೊರೆ ಹೋಗಿದ್ದರೆ ನನ್ನಿಂದ ಆಗ್ತಿರಲಿಲ್ಲ, ಡಾಕ್ಟರೇ ಬೇಕಿತ್ತು. ನೀರು ಕುದಿಸು."

"ಕುದೀತಾ ಉಂಟು ಬಾಯಮ್ಮ."

"ಯಾಕೆ ಕುದಿಸಿದ್ದು ಅಂತ ನಾನು ಕೇಳುವುದಿಲ್ಲ. ಉಪ್ಪು ಹಾಕಿ ತಣಿಸು. ಸೂಜಿ, ನೂಲು ಬೇರೆ ನೀರಿನಲ್ಲಿ ಕುದಿಸು. ಪೂಜೆಗೆ ಮುಂದಿನ ವಾರ ಹೋಗುವ."

ಹುಂಜದ ತಲೆಗೆ ಬಟ್ಟೆ ಮುಚ್ಚಿಸಿದರು. ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಗಾಯದ ಅಂಚಿನ ಪುಕ್ಕ ಕಿತ್ತು, ಉಪ್ಪುನೀರಿನಲ್ಲಿ ತೊಳೆದರು. ಹೊಲಿದದ್ದು ರವಿಕೆಯ ಹಾಗೆ ಉದ್ದಕ್ಕಲ್ಲ, ಒಂದೊಂದು ಹೊಲಿಗೆಗೂ ಬೇರೆ ಗಂಟು. ಒಂದು ಬಿಚ್ಚಿದರೂ ಉಳಿದವು ನಿಲ್ಲಬೇಕಲ್ಲ. ಕೆಳಗೆ ಕಿರುಬೆರಳಿನಷ್ಟು ಜಾಗ ಬಿಟ್ಟರು, ಒಳಗಿನ ನೀರು ಇಳಿಯಲಿಕ್ಕೆ. ಮೇಲೆ ಬಿಸಿ ಆರಿಸಿದ ಅರಸಿನದೆಣ್ಣೆ. ನೀವು ಕೋಳಿ ಸಾಕುವವರಾದರೆ ಇದೊಂದನ್ನು ಕೇಳಿ: ಗಾಯದ ಕೋಳಿಯನ್ನು ಹಿಂಡಿನಲ್ಲಿ ಬಿಡಬೇಡಿ. ರಕ್ತ ಕಂಡರೆ ಅದರ ಬಳಗವೇ ಕುಕ್ಕಿ ಮುಗಿಸುತ್ತದೆ. ನೊಣವನ್ನಂತೂ ಹತ್ತಿರ ಬಿಡಲೇಬೇಡಿ.

ಬುಟ್ಟಿ ಕವುಚಿ, ಮೇಲೆ ತೆಳ್ಳಗಿನ ಬಟ್ಟೆ ಹೊದೆಸಿ ಹುಂಜವನ್ನು ಬಾಯಮ್ಮನ ಜಗಲಿಯಲ್ಲೇ ಇಟ್ಟೆವು. ದೊಡ್ಡಮ್ಮ ದಿನಾ ಬಂದು ಬುಟ್ಟಿಯ ಪಕ್ಕ ಕುಳಿತುಕೊಳ್ಳುತ್ತಿದ್ದರು. ನಾನು ಬೆಲ್ಲದ ನೀರು ತಂದರೆ, "ನೀನು ಕುಡಿಸಬೇಡ, ಚೌಕಾಸಿ ಮಾಡಿದ ಕೈ ಕಂಡರೆ ಅದು ಹೆದರ್ತದೆ" ಎನ್ನುತ್ತಿದ್ದರು. ಬಾಯಮ್ಮ ಮಾತ್ರ ಬದುಕುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. "ಕೂಗಲಿ, ಆಮೇಲೆ ನೋಡುವ" ಎನ್ನುವುದಷ್ಟೇ. ಹುಂಜ ಕೂಗಲಿಲ್ಲ. ನಾನು ಆ ದಿನಗಳಲ್ಲಿ ವಾಮದಪದವಿನ ಕಡೆ ಕಾಲಿಡಲೂ ಇಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಆಚೆಯಿಂದ ಒಡಕು ದನಿಯಲ್ಲಿ ಅರ್ಧ ಕೂಗು... ನಿಂತಿತು. ಮತ್ತೆ ಪೂರ್ತಿ ಬಂತು. ಬೇಲಿಯ ಹತ್ತಿರ ಓಡಿದರೆ ಬಾಯಮ್ಮ ಮೆಟ್ಟಿಲಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಎದೆಯ ಮೇಲಿದ್ದ ಕಡೆಯುವ ಕಲ್ಲು ಇಳಿದ ಹಾಗಾಯಿತು.

ದೊಡ್ಡಮ್ಮ ರೆಕ್ಕೆ ಎತ್ತಿ ನೋಡಿದರು. "ಹೊಲಿಗೆಯ ಗುರುತು ಉಂಟು, ಇರಲಿ. ಕಾಲು ಉಂಟು, ಕೂಗು ಉಂಟು. ಸಾಕು." ಮತ್ತೆ ಸಂಕೋಚದಿಂದ, "ನಮ್ಮ ದೈವದ ಕೋಳಿಗಾಗಿ ನಿಮ್ಮ ಪೂಜೆ ತಪ್ಪಿತಲ್ಲ ಬಾಯಮ್ಮ?"

"ಬದುಕಿಸಿ ಕೊಡುವುದು ನನ್ನ ಕೆಲಸ. ಇನ್ನು ನೀವುಂಟು, ನಿಮ್ಮ ದೈವ ಉಂಟು."

ತಂಬಿಲ ಸಾಂಗವಾಗಿ ನಡೆಯಿತು. ಆ ಊರಿನ ಅಂಗಳಗಳು ನನಗೆ ಮುಚ್ಚಲಿಲ್ಲ.

ಬಾಯಮ್ಮ ತೀರಿಕೊಂಡ ದಿನ ಇಗರ್ಜಿಯ ಅಂಗಳದಲ್ಲಿ ಯಾರೋ ನನ್ನ ತೋಳು ಹಿಡಿದರು. ದೊಡ್ಡಮ್ಮ. ಅವರಿಗೆ ಬಂದು ರೂಢಿಯಿಲ್ಲದ ಜಾಗ. "ಇಲ್ಲಿ ಹೇಗೆ ಕೈ ಮುಗಿಯುವುದು ಮಗಾ?" ಎಂದು ಪಿಸುಗುಟ್ಟಿದರು. "ನಮ್ಮ ಹಾಗೆಯೇ ಮುಗಿಯಿರಿ" ಎಂದೆ. ಇಬ್ಬರೂ ಮುಗಿದೆವು.

ಮೊನ್ನೆಯ ಹೇಂಟೆ ಇವತ್ತು ಅಕ್ಕಿ ಹೆಕ್ಕಿತು. ನಾಳೆ ಅದರ ಮನೆಯವರು ಬಂದು ಒಯ್ಯಬಹುದು. ಸಂಜೆ ಮನೆಗೆ ಬಂದವಳು ಹಳೆಯ ರೂಢಿಯಲ್ಲಿ ಅದನ್ನು ಬಾಯಮ್ಮನಿಗೆ ಹೇಳಲೆಂದು ಬೇಲಿಯ ತನಕ ಹೋದೆ... ಆಚೆಯ ಜಗಲಿಯಲ್ಲಿ ಬಾಡಿಗೆಗೆ ಬಂದವರು ಬಟ್ಟೆ ಒಣಹಾಕುತ್ತಿದ್ದರು.