ಗುತ್ತಿಗೆಯ ಪೈಲಟ್

ಭೇರ್ಯದಲ್ಲಿ ನಮ್ಮ ಪಕ್ಕದ ಗದ್ದೆಯವರು ವಿಮಾನದ ಪೈಲಟ್. ಆದರೆ ಯಾವ ಕಂಪನಿಯಲ್ಲೂ ಕಾಯಂ ಅಲ್ಲ. ಏಜೆನ್ಸಿಯೊಂದು ಕರೆದಾಗ ಹೋಗಬೇಕು, ಹಾರಿದಷ್ಟು ಗಂಟೆಗೆ ಮಾತ್ರ ಸಂಬಳ. ಯಾರಾದರೂ ಸಾಹೇಬ್ರೇ ಎಂದರೆ, "ನಾನೂ ಕೂಲಿಯವ್ನೇ ಕಣ್ರೀ" ಎಂದು ನಗುತ್ತಿದ್ದರು. ಕರೆ ಬರದ ವಾರಗಳಲ್ಲಿ ಪಂಚೆ ಎತ್ತಿಕಟ್ಟಿ ನಾಟಿಗೆ ಇಳಿಯುತ್ತಿದ್ದರು.

ಒಂದು ಸಲ ಸತತ ಎರಡು ತಿಂಗಳು ಕರೆಯೇ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಬದುವಿನ ಮೇಲಿದ್ದಾಗ ಮೊಬೈಲಿಗೆ ಕರೆ ಬಂತು. ಮರುದಿನವೇ ಹಾರಬೇಕಿತ್ತು. ಅವರಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು. ಮೂಗು ಹಿಡಿದು ಊದಿ ನೋಡಿದರು, ಕಿವಿ ಬಿಡಲಿಲ್ಲ. ಕಟ್ಟಿದ ಕಿವಿಯಲ್ಲಿ ಹಾರಿದರೆ ಏರಿಳಿಯುವಾಗ ನೋವಿಗೆ ತಲೆ ಸುತ್ತಿ ವಿಮಾನ ಕೈತಪ್ಪಬಹುದು. ಇದ್ದದ್ದು ಹೇಳಿ, ಆಗುವುದಿಲ್ಲ ಎಂದರು. ಹಾಗಾದರೆ ಗುತ್ತಿಗೆ ಮುಗಿಯಿತು ಎಂದರಂತೆ ಆ ಕಡೆಯವರು.

"ನೆಗಡಿಗೋಸ್ಕರ ಕೆಲ್ಸ ಬುಟ್ರಾ? ಯೋಳ್ದೆ ಇದ್ದಿದ್ರೆ ಯಾರ್ಗ್ ಗೊತ್ತಾಯ್ತಿತ್ತು?" ಎಂದರು ನಮ್ಮಪ್ಪ.

"ಹಿಂದೆ ಕೂತಿರೋರ್ಗೆ ನಾನು ಗುತ್ತಿಗೆಯವ್ನು ಅಂತ ಗೊತ್ತಿರಲ್ಲ ಕಣಣ್ಣ. ಪೈಲಟ್ ಅಂತ್ಲೇ ನಂಬಿರ್ತಾರೆ" ಎಂದು ಹೇಳಿ, ಅವರು ಮತ್ತೆ ಕೆಸರಿಗೆ ಇಳಿದರು.

ಕೊಯ್ಲು ಮುಗಿದ ಮೇಲೆ ಬೇರೆ ಕಂಪನಿ ಕರೆಯಿತು. ಹಳೆಯ ಕೆಲಸ ಹೋದದ್ದೇಕೆ ಎಂದು ಅಲ್ಲಿ ಕೇಳಿದಾಗಲೂ ಇದ್ದದ್ದನ್ನೇ ಹೇಳಿದರಂತೆ. ಆದರೂ ಕೆಲಸ ಸಿಕ್ಕಿತು, ಅದೂ ಗುತ್ತಿಗೆಯದೇ. ಅವರನ್ನು ಬಸ್ಸಿಗೆ ಹತ್ತಿಸಿ ಬಂದ ನಮ್ಮಪ್ಪ, ವಿಮಾನವೆಂದರೆ ಹೆದರುತ್ತಿದ್ದವರು, ನನಗೆ ಹೇಳಿದರು: "ಇವ್ರು ಓಡ್ಸೋದಾದ್ರೆ ನಾನೂ ಇಮಾನ ಅತ್ತೀನಿ ಕಣವ್ವ."